ಹೊಲಿದ ರೆಪ್ಪೆ

ಹೋದ ತಿಂಗಳು ಚಿಂತಾಮಣಿಯಿಂದ ಒಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಅವರ ತಮ್ಮನಿಗೆ ಎರಡೂ ಕಾಲು ಬಿದ್ದುಹೋಗಿ, ಮುಖವೂ ಜೋಲುಬಿದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾನಂತೆ. ಮಂಚೇನಹಳ್ಳಿಯಲ್ಲಿ ಇಂಥದೇ ಕಾಯಿಲೆಯಿಂದ ಎದ್ದ ಹೆಂಗಸೊಬ್ಬರಿದ್ದಾರೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರಂತೆ. ನನ್ನನ್ನು ನಡೆಸಿ ನೋಡಿದರು, ಮಾತಾಡಿಸಿ ನೋಡಿದರು. ಹೊರಡುವಾಗ, "ನೀವು ಇದನ್ನೆಲ್ಲ ಬರೆದುಕೊಡಿ ತಾಯಿ, ನಾನು ಅವನಿಗೆ ಓದಿ ಹೇಳ್ತೀನಿ" ಎಂದರು. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ದೊಡ್ಡದು, ಸಾಲು ಸೊಟ್ಟ. ಅದಕ್ಕೆ ಕಾರಣವೂ ಈ ಕಥೆಯಲ್ಲೇ ಇದೆ.

ನನ್ನ ಎಡಗಣ್ಣು ಆರನೇ ವಯಸ್ಸಿಗೆ ಸಿಡುಬಿನಲ್ಲಿ ಹೋಯಿತು. ಉಳಿದ ಬಲಗಣ್ಣಿನಲ್ಲೇ ಗೌರಿಬಿದನೂರಿನಲ್ಲಿ ಎಂಟನೇ ತರಗತಿವರೆಗೆ ಓದಿದೆ. ಮದುವೆಯಾಗಿ ಮಂಚೇನಹಳ್ಳಿಗೆ ಬಂದೆ. ನಮ್ಮ ಯಜಮಾನರು ನಂಜುಂಡಪ್ಪನವರು ಗೌರಿಬಿದನೂರಿಂದ ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರು. ಮನೆಯಲ್ಲಿ ಇನ್ನೊಬ್ಬರೆಂದರೆ ಅತ್ತೆ, ವೆಂಕಟಲಕ್ಷ್ಮಮ್ಮ. ಅವರ ತವರು ಹಿಂದೂಪುರದ ಕಡೆ. ಕೋಪ ಬಂದರೂ ಪ್ರೀತಿ ಬಂದರೂ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು.

ಮದುವೆಯಾದ ವರ್ಷವೇ ಕಣದಲ್ಲಿ ರಾಗಿ ತೂರುವಾಗ ಬಲಗಣ್ಣಿಗೆ ಹೊಟ್ಟು ಬಿತ್ತು. ಉಜ್ಜಿಕೊಂಡೆ. ಪಕ್ಕದ ಹೊಲದವರು ಯಾವುದೋ ಸೊಪ್ಪಿನ ರಸ ಹಿಂಡಿದರು. ಕಣ್ಣು ಹುಣ್ಣಾಯಿತು, ಹುಣ್ಣು ಮಾಗಿತು, ಮಾಗಿದ ಜಾಗದಲ್ಲಿ ಬೆಳ್ಳಗೆ ಹೂ ಬಿತ್ತು. ಆಮೇಲೆ ನಾಲ್ಕು ವರ್ಷ ನನಗೆ ಬೆಳಕು, ನೆರಳು ಎರಡೇ ಗೊತ್ತಾಗುತ್ತಿದ್ದದ್ದು. ಮಗಳು ಪುಷ್ಪ ಹುಟ್ಟಿದ್ದು ಆ ನಾಲ್ಕು ವರ್ಷದಲ್ಲೇ. ಅವಳ ಮುಖವನ್ನು ಬೆರಳಲ್ಲಿ ಮುಟ್ಟಿ ತಿಳಿದುಕೊಂಡಿದ್ದೆ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸತ್ತವರ ಕಣ್ಣಿನ ಮೇಲಿನ ಗಾಜಿನಂಥ ಪದರ ತೆಗೆದು ಬದುಕಿದವರಿಗೆ ಹಾಕುತ್ತಾರೆ ಎಂದು ಯಜಮಾನರಿಗೆ ಯಾರೋ ಪ್ರಯಾಣಿಕರು ಹೇಳಿದರು. ಅತ್ತೆ ಸುತರಾಂ ಒಪ್ಪಲಿಲ್ಲ. "ಸತ್ತೋರ ಕಣ್ಣು ನಮ್ಮನೆಗೆ ಬೇಡಪ್ಪ. ಹೆಂಗೋ ನಾನಿದ್ದೀನಿ, ನಡೀತಾ ಇದೆ" ಎಂದರು. ಯಜಮಾನರು ವಾದ ಮಾಡುವವರಲ್ಲ. ಒಂದು ದಿನ ಬೆಳಗ್ಗೆ ಅವರ ಬಸ್ಸಿನಲ್ಲೇ ನನ್ನನ್ನು ಕೂರಿಸಿಕೊಂಡು ಹೊರಟುಬಿಟ್ಟರು. ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಪದರ ಯಾರದು ಎಂದು ಕೇಳಿದೆ. "ಒಬ್ಬ ವಯಸ್ಸಾದ ಹೆಂಗಸು" ಎಂದಷ್ಟೇ ಕಣ್ಣಿನ ಡಾಕ್ಟರು ಹೇಳಿದರು. ತಲೆ ಅಲುಗಿಸದೆ ದಿನಗಟ್ಟಲೆ ಮಲಗಿ, ಕಟ್ಟು ಬಿಚ್ಚಿದಾಗ ಎದುರಿಗೆ ನೀಲಿ ಲಂಗದ ಒಂದು ಹುಡುಗಿ ಅಪ್ಪನ ಪಂಚೆ ಹಿಡಿದು ನಿಂತಿದ್ದಳು. ಯಾರ ಮಗು ಎಂದು ಕೇಳುವಷ್ಟರಲ್ಲಿ ಅವಳು ಮೂಗು ಸೊರಗುಟ್ಟಿದಳು. ಆ ಸದ್ದಿನಿಂದ ಗುರುತು ಹಿಡಿದೆ.

ಮನೆಗೆ ಬಂದ ಮೇಲೆ ಒಂದು ತಿಂಗಳು ಅತ್ತೆ ನನ್ನನ್ನು ದೇವರ ಕೋಣೆಗೆ ಬಿಡಲಿಲ್ಲ. ಬೈಯಲೂ ಇಲ್ಲ, ಹೊಸ್ತಿಲ ಹತ್ತಿರ ಸುಮ್ಮನೆ ಅಡ್ಡ ನಿಲ್ಲುತ್ತಿದ್ದರು. ನನಗೆ ಅದರಿಂದ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಸುಖದ ಮುಂದೆ ಅದು ದೊಡ್ಡದಾಗಿ ಕಾಣಲಿಲ್ಲ. ಎಂಟು ತಿಂಗಳು ಹಾಗೆ ಕಳೆಯಿತು.

ಆ ವರ್ಷ ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ನನಗೆ ಜ್ವರ, ಭೇದಿ ಆಗಿ ಮೂರು ದಿನಕ್ಕೆ ವಾಸಿಯಾಗಿತ್ತು. ಹಬ್ಬದ ದಿನ ನಾಲ್ಕು ಮನೆಗೆ ಬಾಗಿನ ಕೊಟ್ಟು ಬಂದೆ. ಮಾರನೆಯ ಬೆಳಗ್ಗೆ ಎರಡೂ ಪಾದ ಜುಮುಜುಮು ಅನ್ನುತ್ತಿದ್ದವು. ಹಿಂದಿನ ದಿನ ಓಡಾಡಿದ್ದು ಜಾಸ್ತಿಯಾಯಿತು ಅಂದುಕೊಂಡೆ. ಮೂರನೆಯ ದಿನ ಬಾವಿಯ ಹತ್ತಿರ ಕೊಡ ಎತ್ತಿಕೊಂಡು ತಿರುಗಿದಾಗ ಮಂಡಿ ಮಡಿಸಿಕೊಂಡು ಕುಸಿದುಬಿಟ್ಟೆ. ನೋವಿರಲಿಲ್ಲ. ಏಳಬೇಕು ಅಂದುಕೊಂಡರೆ ಕಾಲು ಕೇಳುತ್ತಿರಲಿಲ್ಲ, ಅಷ್ಟೇ. ಅತ್ತೆ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. "ಏಮೈಂದೇ ತಲ್ಲೀ" ಎಂದರು. ಏನಾಯಿತು ಎಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಹೋದೆವು. ಅಲ್ಲಿನ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು, ಇನ್ನೊಮ್ಮೆ ತಟ್ಟಿದರು. ಕಾಲು ಅಲುಗಲಿಲ್ಲ. ಅವರ ಮುಖ ಗಂಭೀರವಾಯಿತು. "ಇಲ್ಲಿ ಇಟ್ಕೊಳ್ಳೋದು ಬೇಡ. ಇವತ್ತೇ ಬೆಂಗಳೂರಿಗೆ ಕರ್ಕೊಂಡ್ ಹೋಗಿ" ಎಂದರು. ಯಜಮಾನರು ತಮ್ಮ ಬಸ್ಸನ್ನು ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿದರು. ಪುಷ್ಪಳನ್ನು ನನ್ನ ತವರಿಗೆ ಕಳಿಸುವ ಏರ್ಪಾಡಾಯಿತು. ಅತ್ತೆ ಉಟ್ಟ ಸೀರೆಯಲ್ಲೇ ನಮ್ಮ ಜೊತೆ ಹೊರಟರು.

ದೊಡ್ಡ ಆಸ್ಪತ್ರೆಯ ಹೊರಗೆ ಉದ್ದನೆಯ ಕಲ್ಲುಬೆಂಚು. ಅದರ ಮೇಲೆ ನನ್ನನ್ನು ಮಲಗಿಸಿ ಅತ್ತೆ ತಲೆಯ ಹತ್ತಿರ ಕೂತರು. ಕಾಯುವ ಜನ ಬಹಳ. ಎದುರಿಗೆ ಕೂತಿದ್ದ ಹೆಂಗಸು, "ಲಕ್ವನಾ?" ಎಂದಳು. "ಪಾರಿವಾಳದ ರಕ್ತ ಹಚ್ಚಿದ್ರೆ ಹೋಗುತ್ತೆ" ಎಂದಳು. ಅತ್ತೆ, "ಮೊದ್ಲು ಡಾಕ್ಟ್ರು ನೋಡ್ಲಿ, ಆಮೇಲೆ ಪಾರಿವಾಳ" ಎಂದರು. ನನಗೆ ಅಷ್ಟು ಭಯದಲ್ಲೂ ನಗು ಬಂತು. ಅದು ಆ ವರ್ಷ ನನ್ನ ಮುಖದ ಮೇಲೆ ಮೂಡಿದ ಕಡೆಯ ನಗು.

ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಇದು ಲಕ್ವ ಅಲ್ಲ, ಮೆದುಳಿಗೆ ಏನೂ ಆಗಿಲ್ಲ, ಮೈಯೊಳಗಿನ ನರಗಳಿಗೆ ಬಂದ ಅಪರೂಪದ ಕಾಯಿಲೆ, ಏರುವಷ್ಟು ಏರಿ ಇಳಿಯುತ್ತದೆ ಎಂದರು. ಎಲ್ಲಿಯವರೆಗೆ ಏರುತ್ತದೆ ಎಂದು ಯಜಮಾನರು ಕೇಳಿದರು. "ಉಸಿರಿನ ತನಕ ಹೋಗದೇ ಇದ್ದರೆ ಗೆದ್ದ ಹಾಗೆ" ಎಂದರು ಡಾಕ್ಟರು. ವಾರ್ಡಿನ ಮೂಲೆಯಲ್ಲಿ ದೊಡ್ಡ ಕಬ್ಬಿಣದ ಪೆಟ್ಟಿಗೆಯಂಥದು ಬಟ್ಟೆ ಮುಚ್ಚಿಕೊಂಡು ನಿಂತಿತ್ತು. ಉಸಿರಾಡಲು ಆಗದವರನ್ನು ಅದರಲ್ಲಿ ಮಲಗಿಸುತ್ತಾರೆ ಎಂದು ನರ್ಸಮ್ಮ ಹೇಳಿದರು. ಆ ಕಡೆ ನೋಡದಂತೆ ನಾನು ಗೋಡೆಯ ಕಡೆ ಮುಖ ಮಾಡಿಸಿಕೊಳ್ಳುತ್ತಿದ್ದೆ.

ನನ್ನ ಉಸಿರು ಹೇಗಿದೆ ಎಂದು ತಿಳಿಯಲು ಅವರು ಮಾಡುತ್ತಿದ್ದದ್ದು ಸುಲಭದ ಪರೀಕ್ಷೆ. ಒಂದೇ ಉಸಿರಿಗೆ ಎಷ್ಟು ಎಣಿಸುತ್ತೀಯ ಎಣಿಸು ಅನ್ನುವುದು. ಮೊದಲ ದಿನ ಇಪ್ಪತ್ತೇಳು. ಮಾರನೆಯ ದಿನ ಇಪ್ಪತ್ತೆರಡು. ಅತ್ತೆಯೂ ನನ್ನ ಜೊತೆಗೆ "ಒಕಟಿ, ರೆಂಡು, ಮೂಡು" ಎಂದು ಮೆಲ್ಲಗೆ ಎಣಿಸುತ್ತಿದ್ದರು. ಅವರಿಗೆ ಲೆಕ್ಕ ಬರುತ್ತಿದ್ದದ್ದು ಇಪ್ಪತ್ತರವರೆಗೆ. ನಾಲ್ಕನೆಯ ದಿನ ನಾನು ಹದಿನೈದಕ್ಕೆ ನಿಂತುಬಿಟ್ಟೆ. ಅವರು ಹದಿನಾರು ಎಂದು ಮುಂದಕ್ಕೆ ಹೋದವರು ನನ್ನ ಮುಖ ನೋಡಿ ಎಣಿಕೆ ಅಲ್ಲೇ ನಿಲ್ಲಿಸಿದರು.

ಅಷ್ಟರಲ್ಲಿ ಎರಡೂ ಕೈ ಬಿದ್ದುಹೋಗಿದ್ದವು. ಅದೇ ನಾಲ್ಕನೆಯ ದಿನ ಮುಖವೂ ಹೋಯಿತು. ಒಂದು ಕಡೆ ಅಲ್ಲ, ಎರಡೂ ಕಡೆ. ನೀರು ಕುಡಿದರೆ ತುಟಿಯ ಅಂಚಿನಿಂದ ಸೋರುತ್ತಿತ್ತು. ತುಟಿ ಕೂಡಿಸಬೇಕಾದ ಅಕ್ಷರಗಳೆಲ್ಲ ಬಾಯಿಂದ ಮಾಯವಾದವು. ಮೂರು ಅನ್ನಲು ಹೋದರೆ ಊರು ಅನ್ನುತ್ತಿತ್ತು. ಮಗಳ ಹೆಸರು ಪುಷ್ಪ. ಅದರಲ್ಲಿ ಒಂದು ಅಕ್ಷರವೂ ಸರಿಯಾಗಿ ಬರುತ್ತಿರಲಿಲ್ಲ. ಯಜಮಾನರು ಊರಿನಿಂದ ಬರುವಾಗ ಪುಷ್ಪ ಮಗುವಾಗಿದ್ದಾಗ ಹಾಲು ಕುಡಿಯುತ್ತಿದ್ದ ಹಿತ್ತಾಳೆ ಒಳಲೆ ತಂದುಕೊಟ್ಟರು. ಕೂಸಿಗೆ ಕುಡಿಸುವ ಹಾಗೆ ಅತ್ತೆ ಅದರಲ್ಲಿ ಗಂಜಿ ತುಂಬಿ, ನನ್ನ ಗಲ್ಲ ಹಿಡಿದು ಗುಟುಕು ಗುಟುಕಾಗಿ ಬಿಡುತ್ತಿದ್ದರು.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ನನ್ನ ರೆಪ್ಪೆಗಳು ಮುಚ್ಚುವುದನ್ನು ನಿಲ್ಲಿಸಿದವು. ನಿದ್ದೆ ಮಾಡಿದರೂ ಕಣ್ಣು ತೆರೆದೇ ಇರುತ್ತಿತ್ತಂತೆ. ಎಡಗಣ್ಣು ಹೇಗೂ ಸತ್ತ ಕಣ್ಣು. ಬಲಗಣ್ಣಿನ ಮೇಲೆ ಮಾತ್ರ ಆ ಮುದುಕಿ ಕೊಟ್ಟ ಪದರ ಗಾಳಿಗೆ ಒಣಗುತ್ತಿತ್ತು.

ಕಣ್ಣಿನ ಡಾಕ್ಟರಿಗೆ ಹೇಳಿಕಳಿಸಿದರು. ಅವರು ಟಾರ್ಚು ಹಾಕಿ ನೋಡಿ, ಕುರ್ಚಿ ಎಳೆದುಕೊಂಡು ಕೂತರು. "ಪದರ ಹಾಕಿದ ಕಣ್ಣಿಗೂ ಈ ನರದ ಕಾಯಿಲೆಗೂ ಸಂಬಂಧ ಇದೆಯೇನೋ ಅಂತ ನೀವು ಕೇಳಬಹುದು. ಇಲ್ಲ ಅಂತ ನನ್ನ ಅನಿಸಿಕೆ. ಆದರೆ ಎರಡೂ ಒಬ್ಬರಿಗೇ ಬಂದದ್ದು ನಾನೂ ಇದೇ ಮೊದಲು ನೋಡ್ತಿರೋದು" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದರಲ್ಲ, ಅದರಿಂದ ನನಗೆ ಅವರ ಮೇಲೆ ನಂಬಿಕೆ ಹೆಚ್ಚಾಯಿತು. ಗಡಿಯಾರದ ಗಾಜಿನಂಥ ಗುಂಡು ಗಾಜೊಂದನ್ನು ಕಣ್ಣಿನ ಮೇಲಿಟ್ಟು ಪ್ಲಾಸ್ಟರು ಹಾಕಿದರು. ಅರ್ಧ ಗಂಟೆಗೊಮ್ಮೆ ಗಾಜು ಸರಿಸಿ ಶುದ್ಧ ಮಾಡಿದ ಹರಳೆಣ್ಣೆಯ ಹನಿ ಹಾಕಬೇಕು ಎಂದರು. "ನರ್ಸುಗಳಿಗೆ ನಲವತ್ತು ಜನ ರೋಗಿಗಳು. ಇದನ್ನ ತಪ್ಪದೆ ಮಾಡೋರು ಯಾರಿದ್ದಾರೆ?"

"ನಾನು" ಎಂದರು ಅತ್ತೆ.

ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನರ್ಸಮ್ಮ ಗೋಡೆಯ ಗಡಿಯಾರ ತೋರಿಸಿ, ಉದ್ದ ಮುಳ್ಳು ಮೇಲೆ ಬಂದಾಗ ಒಂದು ಸಲ, ಕೆಳಗೆ ಬಂದಾಗ ಒಂದು ಸಲ ಎಂದು ಹೇಳಿಕೊಟ್ಟರು. ಅತ್ತೆ ಆ ಮುಳ್ಳನ್ನು ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ಕೈ ತೊಳೆದು ಬಂದು, ಗಾಜು ಸರಿಸಿ, ಉಸಿರು ಬಿಗಿಹಿಡಿದು ಒಂದೇ ಒಂದು ಹನಿ. ಎಣ್ಣೆ ಬಿದ್ದಾಗ ಲೋಕವೆಲ್ಲ ಮಸುಕಾಗಿ, ಆ ಮಸುಕಿನಲ್ಲಿ ಅವರ ಮೂಗುತಿ ಮಾತ್ರ ಹೊಳೆಯುತ್ತಿತ್ತು.

ಪಕ್ಕದ ಮಂಚದಲ್ಲಿ ಅಲೀಪುರದ ಸಕೀನಾಬಿ ಇದ್ದರು. ಹೊಟ್ಟೆಯ ಆಪರೇಷನ್ ಆಗಿ ಗಾಯ ಮಾಗದೆ ವಾರಗಟ್ಟಲೆ ಉಳಿದವರು. ಅತ್ತೆ ಸ್ನಾನಕ್ಕೋ ಊಟಕ್ಕೋ ಹೋದಾಗ ಮುಳ್ಳಿನ ಕಾವಲು ಅವರದು. "ಅಮ್ಮಾ ಜಲ್ದಿ ಬನ್ನಿ, ಮುಳ್ಳು ಕೆಳಗೆ ಬಂತು" ಎಂದು ಅವರು ಕೂಗಿದರೆ ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಓಡಿಬರುತ್ತಿದ್ದರು.

ಈ ನಡುವೆ ನಗರಗೆರೆಯಿಂದ ಯಜಮಾನರ ದೊಡ್ಡಪ್ಪನ ಮಗ ರಾಮಣ್ಣ ನೋಡಲು ಬಂದ. ಕಿತ್ತಳೆ ಹಣ್ಣು ಕೊಟ್ಟು, ಸ್ವಲ್ಪ ಹೊತ್ತು ನನ್ನನ್ನು ನೋಡಿ, ಅತ್ತೆಗೆ ಮೆಲ್ಲಗೆ ಹೇಳಿದ. ನನಗೆ ಕೇಳಿಸುವುದಿಲ್ಲ ಅಂದುಕೊಂಡನೇನೋ. ಮುಖ ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ.

"ಚಿಕ್ಕಮ್ಮ, ಊರಲ್ಲೆಲ್ಲ ಮಾತಾಡ್ಕೊಳ್ತಾವ್ರೆ. ಆ ಸತ್ತೋಳು ಬಿಡ್ತಾ ಇಲ್ಲ ಅಂತ. ಆ ಕಣ್ಣು ತೆಗಿಸ್ಬಿಟ್ರೆ ಕಾಲು ಕೈ ತಾನೇ ಸರಿಹೋಗುತ್ತಂತೆ."

ಅದೇ ಮಾತು ನನ್ನ ಮನಸ್ಸಿಗೂ ಬಂದಿತ್ತು. ಬೇರೆಯವರದ್ದನ್ನು ಇಟ್ಟುಕೊಂಡದ್ದಕ್ಕೆ ಇದು ಶಿಕ್ಷೆಯೇ ಎಂದು ಗೋಡೆ ನೋಡುತ್ತ ಕೇಳಿಕೊಂಡಿದ್ದೆ. ಅತ್ತೆ ಏನು ಹೇಳುತ್ತಾರೋ ಎಂದು ಕಾದೆ. ನನ್ನನ್ನು ದೇವರ ಕೋಣೆಯಿಂದ ಹೊರಗಿಟ್ಟವರು ಅವರೇ ಅಲ್ಲವೇ.

ಅತ್ತೆ ಗಡಿಯಾರದಿಂದ ಕಣ್ಣು ತೆಗೆಯದೆ ಹೇಳಿದರು: "ರಾಮಣ್ಣ, ಇವಳ ಮೈಯಲ್ಲಿ ಕೈ ಹೋಗೈತೆ, ಕಾಲು ಹೋಗೈತೆ, ಮುಖ ಹೋಗೈತೆ. ಸರಿಯಾಗಿರೋದು ಆ ಕಣ್ಣೊಂದೇ. ಸರಿಯಾಗಿರೋದನ್ನ ಕಿತ್ತಾಕು ಅಂತೀಯಲ್ಲಪ್ಪ. ದಿನಕ್ಕೆ ಎಷ್ಟು ಸಲ ನಾನು ಅದರೊಳಗೆ ನೋಡ್ತೀನಿ ಗೊತ್ತಾ. ನನ್ನ ಮುಖ ಬಿಟ್ರೆ ಯಾರೂ ಕಾಣ್ಸಲ್ಲ ಅಲ್ಲಿ. ಆಯಮ್ಮ ಯಾರೋ, ಪಾಪ, ಕೊಟ್ಟು ಹೋಗವ್ಳೆ. ಅವಳ ತಂಟೆಗೆ ಹೋಗ್ಬೇಡಿ."

ಆಮೇಲೆ ಎದ್ದು ಕೈ ತೊಳೆಯಲು ಹೋದರು. ಮುಳ್ಳು ಮೇಲೆ ಬಂದಿತ್ತು.

ನನಗೆ ಅಳು ಬಂತು. ಮುಖ ಒಂದಿಷ್ಟೂ ಅಲುಗದೆ, ನೀರು ಮಾತ್ರ ಗಾಜಿನೊಳಗೆ ತುಂಬಿಕೊಂಡಿತು. ಕಣ್ಣೀರು ಕಣ್ಣಿಗೆ ಒಳ್ಳೆಯದು ಎಂದು ಮಾರನೆಯ ದಿನ ಡಾಕ್ಟರು ಹೇಳಿದಾಗ ಅತ್ತೆ, "ಹಂಗಾದ್ರೆ ದಿನಾ ರಾಮಣ್ಣನ್ನ ಕರೆಸಣ" ಎಂದರು.

ಉಸಿರಿನ ಎಣಿಕೆ ಹದಿಮೂರಕ್ಕೆ ಇಳಿದು ಎರಡು ದಿನ ಅಲ್ಲೇ ನಿಂತಿತು. ಮೂಲೆಯ ಪೆಟ್ಟಿಗೆಯ ಬಟ್ಟೆ ತೆಗೆದು ಒರೆಸಿದ ಸದ್ದು ಕೇಳಿಸಿತು. ಮೂರನೆಯ ಬೆಳಗ್ಗೆ ಹದಿನಾಲ್ಕಾಯಿತು. ಆಮೇಲೆ ಹದಿನೇಳು. ಡಾಕ್ಟರು ನನ್ನ ಭುಜ ತಟ್ಟಿ, "ಏರೋದು ನಿಂತಿದೆ" ಎಂದರು. ಯಜಮಾನರು ಹೊರಗಡೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು.

ಉಸಿರು ಉಳಿಯಿತು ಅನ್ನುವಾಗ ಕಣ್ಣು ಕೈಕೊಟ್ಟಿತು. ಎಷ್ಟು ಎಣ್ಣೆ ಹಾಕಿದರೂ ಪದರದ ಕೆಳಗಿನ ಅಂಚಿನಲ್ಲಿ ಬೂದುಬಣ್ಣದ ಚುಕ್ಕೆಯೊಂದು ಕಾಣಿಸಿಕೊಂಡಿತು. ಕಣ್ಣಿನ ಡಾಕ್ಟರು ಯಜಮಾನರನ್ನು ಕರೆದು ನನ್ನ ಮುಂದೆಯೇ ಹೇಳಿದರು.

"ಮೇಲಿನ ರೆಪ್ಪೆ ಕೆಳಗಿನ ರೆಪ್ಪೆ ಸೇರಿಸಿ ಹೊಲಿದುಬಿಡಬೇಕು. ಮುಖದ ನರ ವಾಪಸ್ ಬರೋವರೆಗೂ ಹಾಗೇ ಇರಬೇಕು. ಎಷ್ಟು ವಾರ ಅಂತ ಹೇಳೋಕಾಗಲ್ಲ. ಒಳಗೆ ಪದರ ಉಳೀತಾ, ಬಿಳುಪಾಯ್ತಾ ಅಂತ ತೆಗೆಯೋವರೆಗೂ ನಮಗೂ ಪೂರ್ತಿ ತಿಳಿಯೋಲ್ಲ."

ಯಜಮಾನರು, "ಅವಳಿಗೆ ಈಗ ಇರೋದೇ ಅದೊಂದು ಡಾಕ್ಟ್ರೇ. ಕೈಕಾಲು ಆಡಲ್ಲ, ಮಾತು ಸರಿಯಾಗ್ ಬರಲ್ಲ. ಕಣ್ಣೂ ಮುಚ್ಚಿಬಿಟ್ರೆ ಅವಳು ಹೆಂಗಿರ್ತಾಳೆ?" ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನನಗೂ ಅದೇ ಭಯ. ನಾಲ್ಕು ವರ್ಷ ಕತ್ತಲೆಯಲ್ಲಿದ್ದು ಬಂದವಳು ನಾನು. ಆಗ ಕೈಯಿತ್ತು, ತಡವಿಕೊಂಡು ಹೋಗುತ್ತಿದ್ದೆ. ಈ ಸಲ ತಡವುವುದಕ್ಕೂ ಏನೂ ಇಲ್ಲ. ಆದರೂ ಪುಷ್ಪಳ ಮುಖ ಎಂಟೇ ತಿಂಗಳು ನೋಡಿದ್ದೆ. ಅದು ಸಾಕಾಗಿರಲಿಲ್ಲ.

"ಹೊಲೀರಿ" ಎಂದೆ. ಆ ಮಾತಿನಲ್ಲಿ ತುಟಿ ಮುಚ್ಚಬೇಕಾದ ಅಕ್ಷರ ಒಂದೂ ಇಲ್ಲ. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಹೊಲಿದ ರೆಪ್ಪೆಯ ಹಿಂದೆ ಹತ್ತು ವಾರ ಇದ್ದೆ. ಬೆಳಗ್ಗೆ ಕಾಫಿಯ ವಾಸನೆಯಿಂದ ದಿನ ಶುರು. ಆಮೇಲೆ ಸಕೀನಾಬಿ ತಮ್ಮ ಮಂಚದ ಪಕ್ಕದ ಕಿಟಕಿಯಿಂದ ಕಾಣುವುದನ್ನೆಲ್ಲ ಹೇಳುತ್ತಿದ್ದರು. "ದೊಡ್ಡ ಡಾಕ್ಟ್ರು ಇವತ್ತು ಹೊಸ ಬೂಟು ಹಾಕವ್ರೆ, ನಡೆಯೋಕೆ ಆಗ್ತಾ ಇಲ್ಲ. ಒಂದು ಹಸು ಒಳಗೆ ಬಂತು. ಜವಾನ ಅಟ್ಟಿಸ್ತವ್ನೆ. ಹಸು ಜವಾನನ್ನ ಅಟ್ಟಿಸ್ತಾ ಐತೆ." ನಗಲು ಮುಖವಿಲ್ಲದೆ ನಾನು ಗಂಟಲಲ್ಲೇ ಗುರ್ರ್ ಅನ್ನುತ್ತಿದ್ದೆ. ಅದು ನಗು ಎಂದು ಅವರಿಗೆ ಗೊತ್ತಾಗುತ್ತಿತ್ತು. ವಾಸಿಯಾಗಿ ಊರಿಗೆ ಹೊರಡುವ ದಿನ ಅವರು ನನ್ನ ತಲೆಗೆ ಕೈಯಿಟ್ಟು ದುವಾ ಮಾಡಿದರು. ಆಮೇಲೆ ಅತ್ತೆಗೆ, "ಅಮ್ಮಾ, ಇನ್ಮೇಲೆ ಕಿಟಕಿ ನಿಮ್ದು" ಎಂದರು. ಅತ್ತೆ ಹೇಳುವ ಸುದ್ದಿ ತುಸು ಬೇರೆ. ಯಾರ ಸೊಸೆ ಅತ್ತೆಗೆ ಎದುರು ಮಾತಾಡಿದಳು ಎಂಬುದೇ ಅವರ ಕಿಟಕಿಯಲ್ಲಿ ಹೆಚ್ಚಾಗಿ ಕಾಣುತ್ತಿತ್ತು.

ಒಂದು ಭಾನುವಾರ ಯಜಮಾನರು ಪುಷ್ಪಳನ್ನು ಕರೆದುಕೊಂಡು ಬಂದರು. ಅವಳ ಕಾಲಿನ ಗೆಜ್ಜೆ ಬಾಗಿಲ ಹತ್ತಿರ ನಿಂತುಬಿಟ್ಟಿತು. "ಅಮ್ಮ ನನ್ ಮೇಲೆ ಕೋಪ ಮಾಡ್ಕೊಂಡವ್ಳೆ" ಎಂದಳು. ನನ್ನ ಮುಖ ಹಾಗೆ ಕಾಣುತ್ತಿತ್ತಂತೆ, ಕಲ್ಲಿನ ಹಾಗೆ. ಅಲ್ಲ ಕಂದ ಎಂದು ಹೇಳಲು ಹೋದೆ. ಸದ್ದು ಕೇಳಿ ಅವಳು ಇನ್ನೂ ಹಿಂದಕ್ಕೆ ಸರಿದಳು. ಆ ಹತ್ತು ವಾರದಲ್ಲಿ ನನಗೆ ಸಾಯಬೇಕು ಅನ್ನಿಸಿದ್ದು ಆ ಒಂದು ಗಳಿಗೆ ಮಾತ್ರ.

ಅತ್ತೆ ಅವಳನ್ನು ಎತ್ತಿಕೊಂಡು ಬಂದು ಮಂಚದ ಮೇಲೆ ಕೂರಿಸಿದರು. "ಕೋಪ ಇಲ್ಲ ಕಣಮ್ಮ. ಅಮ್ಮನ ಮುಖ ಮಲ್ಕೊಂಡೈತೆ. ಮೆಲ್ಲಗೆ ಎಬ್ಬಿಸ್ಬೇಕು" ಎಂದು, ಹರಳೆಣ್ಣೆ ಅವಳ ಬೆರಳಿಗೆ ಹಚ್ಚಿ ನನ್ನ ಕೆನ್ನೆಯ ಮೇಲೆ ಇಟ್ಟರು. ನೀವೋದು ಮೇಲಕ್ಕೆ, ಕೆಳಕ್ಕಲ್ಲ ಎಂದು ತೋರಿಸಿಕೊಟ್ಟರು. ಡಾಕ್ಟರು ಹೇಳಿಕೊಟ್ಟಿದ್ದ ಉಪಚಾರವೇ ಅದು. ಪುಟ್ಟ ಬೆರಳುಗಳು ಮೊದಲು ಹೆದರಿ ಹೆದರಿ, ಆಮೇಲೆ ಆಟವಾಗಿ ಕೆನ್ನೆ ನೀವಿದವು. ಅಂದಿನಿಂದ ಭಾನುವಾರದ ಕೆಲಸ ಅವಳದೇ ಆಯಿತು.

ಕಾಲಿನ ವಿಷಯ ಇಲ್ಲೇ ಮುಗಿಸುತ್ತೇನೆ. ಏರಿದ ದಾರಿಯಲ್ಲೇ ಕಾಯಿಲೆ ಇಳಿಯಿತು, ಆದರೆ ಏರಿದ್ದು ದಿನಗಳಲ್ಲಿ, ಇಳಿದದ್ದು ತಿಂಗಳುಗಳಲ್ಲಿ. ಮೊದಲು ಕೈಬೆರಳು, ಆಮೇಲೆ ಭುಜ. ಒಂದು ದಿನ ಕೂರಿಸಿದರೆ ಬೀಳದೆ ಕೂತೆ. ವಾರ್ಡಿನ ಗೋಡೆ ಹಿಡಿದು ಕುರುಡಿಯಾಗಿಯೇ ನಡೆಯಲು ಕಲಿತೆ. ಈಗಲೂ ಪಾದದ ತುದಿ ಸದಾ ಜೋಮು ಹಿಡಿದಂತಿರುತ್ತದೆ. ಚಪ್ಪಲಿ ಜಾರಿದರೆ ತಿಳಿಯುವುದಿಲ್ಲ, ಎಷ್ಟೋ ಸಲ ಒಂದು ಕಾಲಿನ ಚಪ್ಪಲಿ ಬಿಟ್ಟು ಬಂದಿದ್ದೇನೆ. ಬೇಗ ನಡೆಯಲಾರೆ. ನಿಧಾನಕ್ಕೆ ಎಲ್ಲಿಗೆ ಬೇಕಾದರೂ ಹೋಗುತ್ತೇನೆ. ಇದರ ಮೇಲೆ ನನಗೆ ದೂರಿಲ್ಲ.

ಮುಖ ಎಲ್ಲಕ್ಕಿಂತ ಕಡೆಗೆ ಬಂತು. ಒಂದು ಭಾನುವಾರ ಕೆನ್ನೆ ನೀವುತ್ತಿದ್ದ ಪುಷ್ಪ, "ಅಜ್ಜೀ, ಅಮ್ಮನ ಮುಖ ಅಲ್ಲಾಡ್ತು" ಎಂದಳು. ಬಲಗಡೆ ತುಟಿಯ ತುದಿ ಮಾತ್ರ ಕೊಂಚ ಎದ್ದಿತ್ತಂತೆ. ಒಂದು ವಾರದಲ್ಲಿ ತುಟಿ ಕೂಡಿತು. ನಾನು "ಪುಷ್ಪ" ಎಂದೆ. ಅವಳಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ, "ಏನಮ್ಮ" ಎಂದಳು, ಅಷ್ಟೇ.

ಹೊಲಿಗೆ ಬಿಚ್ಚುವ ಬೆಳಗ್ಗೆ ಅತ್ತೆ ನನ್ನ ಕೈ ಬಿಡಲಿಲ್ಲ. ಕತ್ತರಿಯ ಸಣ್ಣ ಸದ್ದು ನಾಲ್ಕು ಸಲ ಕೇಳಿಸಿತು. ಹೊರಗಿನ ಮೂಲೆಯ ಒಂದು ಹೊಲಿಗೆ ಮಾತ್ರ ಕಾವಲಿಗಿರಲಿ ಎಂದು ಡಾಕ್ಟರು ಬಿಟ್ಟರು. ಆ ಮೂಲೆ ಕೂಡಿಕೊಂಡು ಇವತ್ತಿಗೂ ಹಾಗೇ ಇದೆ, ನನ್ನ ಬಲಗಣ್ಣು ಸ್ವಲ್ಪ ಚಿಕ್ಕದಾಗಿ ಕಾಣುವುದು ಅದಕ್ಕೇ. "ನಿಧಾನವಾಗಿ ತೆಗೀಮ್ಮ" ಎಂದರು.

ತೆಗೆದೆ. ಬೆಳ್ಳಗೆ ಕಂಡಿತು. ಹೂ ಬಿದ್ದಾಗ ಕಂಡ ಬಿಳುಪೂ ಹೀಗೇ ಇತ್ತು. ಆದರೆ ಈ ಬಿಳುಪಿಗೆ ಗುಂಡಿಗಳಿದ್ದವು. ಅದು ಡಾಕ್ಟರ ಕೋಟು. ಕೆಳಗಡೆ ಒಂದಿಷ್ಟು ಮಂಜು, ಮಂಜಿನ ಮೇಲೆ ಅವರ ಮುಖ, ಆ ಮುಖದಲ್ಲಿ ಕಾತರ. ಅತ್ತೆಯ ಕಡೆ ತಿರುಗಿದೆ. ಮೂರು ತಿಂಗಳಲ್ಲಿ ಅವರು ಸೊರಗಿಹೋಗಿದ್ದರು.

"ಕಾಣ್ಸುತ್ತಾ?" ಎಂದರು.

"ತಲೆ ಬಾಚ್ಕೊಂಡಿಲ್ಲ ಅತ್ತೆ ನೀವು" ಎಂದೆ.

ಅವರು ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಂದು, ಅಲ್ಲಿಂದ ಯಜಮಾನರ ಬಸ್ಸು ಹತ್ತಿದೆವು. ಆ ದಿನದಿಂದ ಅವರು ಮತ್ತೆ ಕೆಲಸಕ್ಕೆ ಸೇರಿದ್ದರು. ನನ್ನನ್ನು ಡ್ರೈವರ ಹಿಂದಿನ ಸೀಟಿನಲ್ಲಿ ಕೂರಿಸಿದರು. ಅತ್ತೆ ಪಕ್ಕದಲ್ಲಿ, ಪುಷ್ಪ ಅವರ ತೊಡೆಯ ಮೇಲೆ. ರಾಗಿ ಕೊಯ್ದು ಮುಗಿದ ಕಾಲ. ರಸ್ತೆಯ ಎರಡೂ ಕಡೆ ಹೊಲಗಳು ಬರಿದಾಗಿ ಬಿಸಿಲಿಗೆ ಮಲಗಿದ್ದವು. ಎಲ್ಲವನ್ನೂ ನೋಡಿದೆ. ಹುಣಸೆಮರ, ಮೈಲಿಕಲ್ಲು, ಕನ್ನಡಿಯಲ್ಲಿ ಆಗಾಗ ಹಿಂದಕ್ಕೆ ನೋಡುವ ಯಜಮಾನರ ಕಣ್ಣು.

ಎದುರಿನಿಂದ ಒಂದು ಲಾರಿ ಬಂತು. ಅದರ ಹಿಂದೆ ಎದ್ದ ಕೆಂಪು ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ಅತ್ತೆ ಗಾಬರಿಯಾಗಿ ನನ್ನ ಮುಖಕ್ಕೆ ಸೆರಗು ಹಿಡಿಯಲು ಕೈ ಚಾಚಿದರು. ಅವರ ಕೈ ಬರುವ ಮೊದಲೇ ನನ್ನ ರೆಪ್ಪೆ ತಾನಾಗಿ ಕೂಡಿಕೊಂಡಿತ್ತು. ನಾನು ಹೇಳಿರಲಿಲ್ಲ, ಯೋಚಿಸಿಯೂ ಇರಲಿಲ್ಲ. ಧೂಳು ಕೆನ್ನೆಗೆ, ಹಣೆಗೆ, ರೆಪ್ಪೆಯ ಮೇಲೆ ಬಂದು ಕೂತದ್ದು ಗೊತ್ತಾಯಿತು. ಒಳಗೆ ಒಂದು ಕಣವೂ ಬರಲಿಲ್ಲ.

ಲಾರಿ ಹೋಗಿ ಬಹಳ ಹೊತ್ತಾದರೂ ನಾನು ಕಣ್ಣು ತೆಗೆಯದ್ದು ಕಂಡು ಅತ್ತೆ, "ಯಾಕಮ್ಮ, ನೋಯ್ತದಾ?" ಎಂದರು.

"ಇಲ್ಲ ಅತ್ತೆ, ಸುಮ್ನೆ ಮುಚ್ಕೊಂಡಿದ್ದೀನಿ" ಎಂದೆ.